ಪೂರ್ವಕ್ಕೆ ತಿರುಗಿಸಿದ ಗಾಲ್ಫ್ ಚಾಪೆ

ಬಹುಮಾನ ಇಟ್ಟವನಿಗೆ ಅದನ್ನು ಯಾರಾದರೂ ಗೆಲ್ಲಲಿ ಎಂಬ ಆಸೆ ಇರುತ್ತದೆಂದು ನೀವು ತಿಳಿದಿದ್ದರೆ ನೀವು ತುಂಬ ಒಳ್ಳೆಯವರು. ಮೊನ್ನೆಯವರೆಗೆ ನಾನೂ ಒಳ್ಳೆಯವನೇ ಆಗಿದ್ದೆ. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಆಡಳಿತಾಧಿಕಾರಿ. ಹೆಸರು ದೊಡ್ಡದು, ಕೆಲಸವೆಂದರೆ ಆಯುಧಪೂಜೆಗೆ ಬೂದುಗುಂಬಳ ತರಿಸುವುದು, ಕ್ಯಾಂಟೀನಿನ ಸಾಂಬಾರಿಗೆ ಉಪ್ಪು ಹೆಚ್ಚಾದರೆ ಬೈಸಿಕೊಳ್ಳುವುದು. ನಮ್ಮ ಮಾಲೀಕರಿಗೆ ಇತ್ತೀಚೆಗೆ ಗಾಲ್ಫ್ ಹುಚ್ಚು ಹಿಡಿದಿದೆ. ಹಾಗಾಗಿ ಈ ವರ್ಷ ಸಿಬ್ಬಂದಿಯ ಪ್ರವಾಸ ಕುಣಿಗಲ್ ಕಡೆಯ ಒಂದು ಗಾಲ್ಫ್ ಮೈದಾನಕ್ಕೆ ಎಂದಾಯಿತು. ತಲೆಗೊಂದು ಹೊಡೆತ, ಒಂದೇ ಏಟಿಗೆ ಚೆಂಡು ದೂರದ ಕುಳಿಗೆ ಬಿದ್ದರೆ ಹೊಸ ಸ್ಕೂಟರ್. ಅದಕ್ಕೆ ಹೋಲ್ ಇನ್ ಒನ್ ಎನ್ನುತ್ತಾರಂತೆ. ಬಿದ್ದರೆ ಸ್ಕೂಟರ್ ಕೊಡಿಸುವುದು ವಿಮೆಯವರು. "ಎಲ್ಲಾ ನೀವೇ ನೋಡ್ಕೊಳ್ಳಿ. ಯಡವಟ್ಟಾದ್ರೆ ಸ್ಕೂಟರ್ ನಿಮ್ ತಲೆ ಮೇಲೆ," ಎಂದು ಮಾಲೀಕರು ನಕ್ಕರು. ಅವರು ನಕ್ಕು ಹೇಳಿದ್ದನ್ನು ಮಾಡದೆ ಬಿಟ್ಟದ್ದು ನಾನು ಕಂಡಿಲ್ಲ.

ವಿಮೆಯವರು ಆರು ಪುಟದ ಷರತ್ತು ಕಳಿಸಿದ್ದರು. ಮೊದಲ ಪುಟ ಓದಿ ಕೊನೆಯ ಪುಟಕ್ಕೆ ಸಹಿ ಹಾಕಿದೆ. ಆವತ್ತು ಬೆಳಿಗ್ಗೆ ಸ್ಕೂಟರಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು ನೋಡುತ್ತೇನೆ, ಹೊಡೆಯುವವರು ನಿಲ್ಲುವ ಚಾಪೆಯನ್ನು ಮೈದಾನದವರು ದಕ್ಷಿಣಕ್ಕೆ ಮುಖ ಮಾಡಿ ಹಾಸಿದ್ದಾರೆ! ಯಮನ ದಿಕ್ಕು. ಶುಭಕಾರ್ಯಕ್ಕೆ ಅತ್ತ ಮುಖ ಮಾಡುವುದುಂಟೇ? ಮೊಬೈಲಿನಲ್ಲಿ ದಿಕ್ಕು ನೋಡಿ, ಕುಳಿ ಸರಿಯಾಗಿ ಪೂರ್ವಕ್ಕೆ ಬರುವ ಜಾಗಕ್ಕೆ ಚಾಪೆ ಎಳೆಸಿದೆ. ಯಾರೂ ಹೇಳಿರಲಿಲ್ಲ. ಜವಾಬ್ದಾರಿ ಕೊಟ್ಟರೆ ನನಗೆ ಬುದ್ಧಿ ತಾನಾಗಿ ಹುಟ್ಟುತ್ತದೆ.

ಆಟ ಶುರುವಾಯಿತು. ಕುಳಿಯ ಪಕ್ಕ ಸಾಕ್ಷಿಯಾಗಿ ಕುರ್ಚಿ ಹಾಕಿಕೊಂಡು ಕೂತವನು ಬೇಜಾರಿಗೆ ಷರತ್ತಿನ ಉಳಿದ ಪುಟಗಳನ್ನು ತೆರೆದೆ. ನಾಲ್ಕನೆಯ ಪುಟದಲ್ಲಿತ್ತು: ಚಾಪೆಗೂ ಕುಳಿಗೂ ನೂರೈವತ್ತು ಗಜ ಇರಲೇಬೇಕು, ಕಡಿಮೆಯಾದರೆ ವಿಮೆ ಇಲ್ಲ. ಆಡುವವರನ್ನು ಕೈಯೆತ್ತಿ ನಿಲ್ಲಿಸಿ, ಸುಮ್ಮನೆ ಅಡ್ಡಾಡುವವನಂತೆ ಚಾಪೆಯವರೆಗೆ ಹೆಜ್ಜೆ ಎಣಿಸುತ್ತ ಹೋದೆ. ನೂರಾ ನಲವತ್ತೆರಡು! ಹೆಜ್ಜೆಗೊಂದು ಗಜ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಚಾಪೆ ಹಿಂದಕ್ಕೆ ಎಳೆಸೋಣವೆಂದರೆ ಅರ್ಧ ಜನ ಆಡಿ ಮುಗಿಸಿದ್ದರು, ಕಾರಣ ಹೇಳಬೇಕು. ಬಾಯಿ ಮುಚ್ಚಿಕೊಂಡು ಬಂದು ಕೂತೆ. ಉಪ್ಪಾರಹಳ್ಳಿಯ ನಮ್ಮ ಮನೆ ಮುಂದೆ ನಿಂತಿರುವ ಹಳೇ ಮೊಪೆಡ್ ಕಣ್ಣ ಮುಂದೆ ಬಂತು. ನನಗೇ ಗತಿಯಿಲ್ಲದ ಸ್ಕೂಟರನ್ನು ಇನ್ನೊಬ್ಬರಿಗೆ ಕೊಡಿಸುವ ಯೋಗ! ಅಲ್ಲಿಂದಾಚೆಗೆ ಒಂದೇ ಜಪ: ಅಪ್ಪಾ ದೇವರೇ, ಯಾರಿಗೂ ಬೀಳದಿರಲಿ.

ದೇವರು ಕಿವಿಗೊಟ್ಟ ಹಾಗಿತ್ತು. ಅಕೌಂಟ್ಸ್‌ನವರ ಚೆಂಡು ತೆಂಗಿನ ಮರಕ್ಕೆ ಬಡಿಯಿತು. ಮಾಲೀಕರದು ಪಕ್ಕದ ರಾಗಿ ಹೊಲಕ್ಕೆ ಹೋಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಗೆ ಬಂದವನು ಲೇತ್ ಮೆಷಿನ್ನಿನ ರಂಗಸ್ವಾಮಿ, ಗುಬ್ಬಿಯವನು. ಹದಿನೈದು ದಿನದಿಂದ ತೋಟದಲ್ಲಿ ತೆಂಗಿನ ಮಟ್ಟೆ ಹಿಡಿದು ಅಭ್ಯಾಸ ಮಾಡಿದ್ದ. ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಸಾರ್, ನನ್ ಮಗ್ಳು ತುಮಕೂರಲ್ಲಿ ನರ್ಸಿಂಗ್ ಓದ್ತಾವ್ಳೆ. ದಿನಾ ಗುಬ್ಬಿಯಿಂದ ಬಸ್ಸಲ್ಲಿ ನಿಂತ್ಕೊಂಡೇ ಹೋಯ್ತಾಳೆ. ಈ ಗಾಡಿ ಹೊಡ್ದೇ ಹೊಡೀತೀನಿ ನೋಡಿ," ಎಂದಿದ್ದ. "ನಿನಗೇ ಕಣೋ," ಎಂದು ಬೆನ್ನು ತಟ್ಟಿದ್ದೆ ನಾನು.

ರಂಗಸ್ವಾಮಿ ಚಪ್ಪಲಿ ಬಿಟ್ಟು, ಚಾಪೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬೀಸಿದ. ಚೆಂಡು ಹುಲ್ಲಿಗೆ ಬಿದ್ದು, ಪುಟಿದು, ನೆಟ್ಟಗೆ ಕುಳಿಯ ಕಡೆಗೇ ಉರುಳಿಕೊಂಡು ಬಂತು. ನಾನು ಕುರ್ಚಿಯಿಂದ ಎದ್ದೆ. ಕುಳಿಗೆ ಇನ್ನೊಂದು ಗೇಣಿದೆ ಎನ್ನುವಾಗ ಅದು ನಿಂತಿತು. ಅಬ್ಬಾ! ಎರಡೂ ಕೈ ಎತ್ತಿಕೊಂಡು ಕುಣಿದೆ. ಮಂಡಿನೋವು ಮರೆತು ಕುಣಿದೆ. ದೂರದಲ್ಲಿದ್ದವರು ಅದನ್ನು ನೋಡಿ ಬಿದ್ದೇಬಿಟ್ಟಿತೆಂದು ರಂಗಸ್ವಾಮಿಯನ್ನು ಹೆಗಲ ಮೇಲೆ ಹೊತ್ತು ಕೇಕೆ ಹಾಕುತ್ತ ಓಡಿ ಬಂದರು. ಹೆಗಲ ಮೇಲಿಂದಲೇ ಅವನು ಚೆಂಡು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಮತ್ಯಾಕ್ ಸಾರ್ ಕುಣಿದ್ರಿ?"

ಎತ್ತಿದ್ದ ಕೈ ಇಳಿಸಿ, ಕುರ್ಚಿ ಮಡಚತೊಡಗಿದೆ.

ಅವರೆಲ್ಲ ಊಟಕ್ಕೆ ಹೋದ ಮೇಲೆ ವಿಮೆ ಕಂಪನಿಯಿಂದ ಬಂದಿದ್ದ ಹುಡುಗಿ ವರದಿಗೆಂದು ಟೇಪು ಹಿಡಿದು ಅಳತೆ ಮಾಡಿದಳು. "ನೂರೈವತ್ತೊಂದು ಗಜ. ಎಲ್ಲಾ ಸರಿಯಾಗಿದೆ ಸಾರ್, ಬಿದ್ದಿದ್ರೆ ಗಾಡಿ ಕೊಡ್ತಿದ್ವಿ. ಮೈದಾನದವ್ರು ಸರಿಯಾಗಿ ನೂರೈವತ್ತಕ್ಕೇ ಹಾಕಿದ್ರಂತೆ. ಒಂದು ಗಜ ಜಾಸ್ತಿ ಯಾರು ಮಾಡಿದ್ರೋ?" ಹೆದರಿಕೆಗೆ ನನ್ನ ಹೆಜ್ಜೆಯೇ ಉದ್ದವಾಗಿತ್ತು. ನಾನು ಸೇರಿಸಿದ್ದು ಒಂದು ಗಜ. ಆ ಚೆಂಡಿಗೆ ಬೇಕಾಗಿದ್ದದ್ದು ಒಂದು ಗೇಣು.

ವಾಪಸ್ ಬರುವಾಗ ರಂಗಸ್ವಾಮಿ ಮತ್ತೆ ನನ್ನ ಪಕ್ಕವೇ ಕೂತ. ಕಿಟಕಿ ಸೀಟು ಬಿಟ್ಟುಕೊಟ್ಟೆ. "ಹೋಗ್ಲಿ ಬುಡಿ ಸಾರ್," ಎಂದ. "ಬೆಳಿಗ್ಗೆ ನೀವು ಚಾಪೆ ಪೂರ್ವಕ್ಕೆ ತಿರುಗ್ಸಿದ್ದು ನಾನು ನೋಡ್ದೆ. ಅದ್ಕೇ ಅಷ್ಟ್ ಹತ್ರ ಬಂತು. ಮುಂದಿನ್ ವರ್ಷಾನೂ ಹಂಗೇ ಹಾಕ್ಸಿ."

"ಆಗ್ಲಿ ಕಣಪ್ಪಾ," ಎಂದೆ. ನಿಮಗೇನೋ ನಂಬಿ ಹೇಳಿದ್ದೇನೆ. ಗುಬ್ಬಿ ಕಡೆ ಹೋದರೆ ಆ ಒಂದು ಗಜದ ವಿಷಯ ಮಾತ್ರ ಎತ್ತಬೇಡಿ.