ದೇವಿಯ ಕಾಯಂ ವಿಳಾಸ

೧೯೭೩ನೆಯ ಇಸವಿ, ನನಗೆ ಆಗ ಇಪ್ಪತ್ತಾರು ವರ್ಷ. ದೇವರಿಗೆ ಹೆದರುವ ಮನುಷ್ಯರನ್ನು ನೀವು ಬೇಕಾದಷ್ಟು ಕಂಡಿರಬಹುದು. ದೇವರೇ ಹೆದರುವಂಥ ಮನುಷ್ಯನನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ, ಕಂಡದ್ದಷ್ಟೇ ಅಲ್ಲ, ಅವರ ಮನೆಯಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಊಟ ಮಾಡಿದ್ದೇನೆ. ಅವರು ನನ್ನ ಕಾಕಾ, ಅಂದರೆ ನನ್ನ ತಂದೆಯ ತಮ್ಮ. ಧರ್ಮಾದಾಯ ಕಚೇರಿಯ ಇನ್‌ಸ್ಪೆಕ್ಟರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಗುಡಿ, ಮಠ, ದರ್ಗಾಗಳೆಲ್ಲವೂ ಅವರ ತಪಾಸಣೆಗೆ ಒಳಪಟ್ಟಿದ್ದವು. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಆ ನಾಲ್ಕು ತಾಲೂಕುಗಳಲ್ಲಿ ಹೇಳಬೇಕಾಗಿಯೂ ಇಲ್ಲ!

ಆ ವರ್ಷ ಸಿಂದಗಿಯ ಸಾಲೆಗೆ ಮಾಸ್ತರನಾಗಿ ಬಂದ ನಾನು ಕಾಕಾನ ಮನೆಯಲ್ಲಿಯೇ ಉಳಿದುಕೊಂಡೆ. ಕಾಕಾ ಅವಿವಾಹಿತರು. ಕಾರಣ ಕೇಳಿದವರಿಗೆ, "ರಜಾ ಸಿಗಲಿಲ್ಲ" ಎಂದು ಗಂಭೀರವಾಗಿ ಹೇಳುತ್ತಿದ್ದರು. ಮನೆಯನ್ನು ನಡೆಸುತ್ತಿದ್ದವರು ಅವರ ಅಕ್ಕ, ನನ್ನ ಸೋದರತ್ತೆ. ಅತ್ತೆಯನ್ನು ಹೊರ್ತಿ ಎಂಬ ಊರಿಗೆ ಕೊಟ್ಟಿದ್ದರು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಆಗ ಮೂರನೆಯ ಇಯತ್ತೆಯಲ್ಲಿದ್ದ ಈ ತಮ್ಮನನ್ನು ತಾವೇ ಬೆಳೆಸಿದ್ದರು.

ಕಾಕಾನ ಎಲ್ಲ ವಿಚಿತ್ರಗಳ ಮೂಲ ಒಂದೇ ಒಂದು ವಾಕ್ಯ. ಕಾಯಿದೆಯ ದೃಷ್ಟಿಯಲ್ಲಿ ದೇವರು ಎಂದೆಂದಿಗೂ ಅಪ್ರಾಪ್ತ ವಯಸ್ಕ. ಗುಡಿಯ ಆಸ್ತಿ ದೇವರದು, ಪಂಚರು ಅದನ್ನು ನೋಡಿಕೊಳ್ಳುವ ಪಾಲಕರು ಮಾತ್ರ. ಬೇರೆ ಅಧಿಕಾರಿಗಳು ಇದನ್ನು ಓದಿ, ಪರೀಕ್ಷೆ ಪಾಸಾಗಿ, ಮರೆತುಬಿಟ್ಟರು. ನಮ್ಮ ಕಾಕಾ ಅದನ್ನು ನಂಬಿದರು! ಅಕ್ಷರಶಃ ನಂಬಿದರು! ಯಾವ ಗುಡಿಗೆ ಹೋದರೂ ಹೊಸ್ತಿಲಲ್ಲಿ ನಿಂತು, ಮನೆಯಲ್ಲಿ ಒಂಟಿಯಾಗಿರುವ ಮಗುವನ್ನು ಕೇಳುವ ದನಿಯಲ್ಲಿ, "ಒಳಗ ಬರ್ಲೇನಪಾ?" ಎಂದು ಕೇಳಿಯೇ ಕಾಲಿಡುತ್ತಿದ್ದರು.

ಒಮ್ಮೆ ಒಂದು ಗುಡಿಯ ಪಂಚರು ಗರ್ಭಗುಡಿಯ ಎದುರಿಗೇ ಇಸ್ಪೀಟು ಹರವಿಕೊಂಡು ಬೀಡಿ ಸೇದುತ್ತ ಕುಳಿತಿದ್ದರು. ಕಾಕಾ ಅವರ ಮುಂದೆ ನಿಂತು ಗುಡುಗಿದರು: "ಸಣ್ಣ ಕೂಸಿನ ಮುಂದ ಇದ ಕಲಿಸೂದೇನ್ರಿ ನೀವು?"

ಪಂಚರು ಗಾಬರಿಯಾಗಿ ಸುತ್ತಲೂ ಕೂಸನ್ನು ಹುಡುಕಿದರು. ಕೊನೆಗೆ ಕಾಕಾ ಬೆರಳು ಮಾಡಿದ್ದು ಮೂರು ಅಡಿ ಎತ್ತರದ ವೀರಭದ್ರನ ಕಡೆಗೆ! ಆ ವೀರಭದ್ರನ ಮೀಸೆಯೇ ಒಂದು ಗೇಣು ಉದ್ದವಿತ್ತು.

ಹೋದಲ್ಲೆಲ್ಲ ಪ್ರಸಾದಕ್ಕೆ ಎಬ್ಬಿಸಿ ಒಯ್ಯುವ ಸೀಮೆ ನಮ್ಮದು. ದಾಸೋಹದ ಮಠಗಳಲ್ಲಂತೂ ಉಣ್ಣದೆ ಹೊರಗೆ ಬರುವುದೇ ಅಪರಾಧ. ಕಾಕಾ ಮಾತ್ರ ಮಠದ ಹೊರಗಿನ ಕಟ್ಟೆಯ ಮೇಲೆ ಕುಳಿತು, ಅತ್ತೆ ಕಟ್ಟಿಕೊಟ್ಟ ರೊಟ್ಟಿಯನ್ನು ಬಿಚ್ಚುತ್ತಿದ್ದರು. ಯಾಕೆ ಎಂದು ಕೇಳಿದೆ. "ಹಿರೇರು ಇಲ್ಲದ ಕೂಸಿನ ಮನ್ಯಾಗ ಹೋಗಿ ಉಂಡು ಬರ್ತಾರೇನೋ, ಮಾಸ್ತರ?" ಎಂದರು. ಇದಕ್ಕೆ ನಿಮ್ಮಲ್ಲಿ ಉತ್ತರ ಇದೆಯೆ?

ಇನ್ನು ಅವರ ಆಸ್ತಿಯ ಯಾದಿ! ಸ್ಥಿರ ಆಸ್ತಿಗೆ ಒಂದು ಕಾಲಂ, ಚರ ಆಸ್ತಿಗೆ ಇನ್ನೊಂದು. ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯಲ್ಲಿ, ಗೋಡೆಯ ಬಂಡೆಗಲ್ಲಿನಲ್ಲಿ ಕೆತ್ತಿದ ಆಂಜನೇಯನನ್ನು ಕಾಕಾ ಸ್ಥಿರ ಆಸ್ತಿ ಎಂದು ಬರೆದುಕೊಂಡರು. ಪೂಜಾರಿಗೆ ಅವಮಾನವಾಯಿತು.

"ಹಾರೂ ದೇವರು ಸ್ಥಿರ ಹ್ಯಾಂಗಾಗತಾನ್ರಿ ಸಾಹೇಬ್ರ? ಕಾಲ ನೋಡ್ರಿ, ಒಂದು ಮ್ಯಾಲೆ ಐತಿ!"

"ಹಾರಿದ್ದು ನೀ ನೋಡೀಯೇನು?"

"ಇಲ್ರಿ."

"ಹಾರಿದ ದಿನ ತಿಳಸು. ಬಂದು ತಿದ್ದತೇನಿ."

ಇಷ್ಟು ಕಟ್ಟುನಿಟ್ಟಿನ ಮನುಷ್ಯ ಮನೆಯಲ್ಲಾದರೂ ಸಡಿಲವಾಗುತ್ತಿದ್ದರೆ? ಹರಹರಾ! ಅವರ ರೇಷನ್ ಕಾರ್ಡಿನಲ್ಲಿ ಇದ್ದದ್ದು ಒಂದೇ ಹೆಸರು, ಅವರದು. ಕೊಟ್ಟ ಹೆಣ್ಣುಮಗಳ ಹೆಸರು ಗಂಡನ ಊರಿನ ಕಾರ್ಡಿನಲ್ಲಿ ಇರಬೇಕು ಎಂದು ಯಾವುದೋ ಕಾಲದಲ್ಲಿ ಯಾರೋ ಗುಮಾಸ್ತ ಹೇಳಿದ್ದ. ಕಾಕಾ ತಲೆಯಾಡಿಸಿ ಬಂದಿದ್ದರು. ಆದ್ದರಿಂದ ಮನೆಗೆ ಬರುತ್ತಿದ್ದ ಸಕ್ಕರೆ ಒಬ್ಬರದು ಮಾತ್ರ. ಕಾಳಸಂತೆಯ ಸಕ್ಕರೆ ಹೊಸ್ತಿಲು ದಾಟುವಂತಿರಲಿಲ್ಲ. ಕಾಕಾನಿಗೂ ನನಗೂ ಸಕ್ಕರೆಯ ಚಹಾ. ಅತ್ತೆಗೆ ಬೆಲ್ಲದ ಚಹಾ. "ನನಗ ಬೆಲ್ಲದ್ದ ಸೇರತೈತಿ" ಎನ್ನುತ್ತಿದ್ದರು ಅತ್ತೆ. "ಅಕ್ಕನ ಸಕ್ಕರಿ ಹೊರ್ತ್ಯಾಗ ಐತಿ" ಎನ್ನುತ್ತಿದ್ದರು ಕಾಕಾ. ಇದು ಆ ಮನೆಯ ನಿತ್ಯದ ನಗೆಮಾತಾಗಿತ್ತು, ನಾನೂ ನಗುತ್ತಿದ್ದೆ.

ಇಂಥ ಕಾಕಾನನ್ನು ಕಟ್ಟಿಹಾಕಿದವಳು ಇಂಡಿ ತಾಲೂಕಿನ ಒಬ್ಬ ದೇವಿ. ಎರಡೂ ಊರುಗಳ ಹೆಸರನ್ನು ಮುಚ್ಚಿಟ್ಟು, ದೊಡ್ಡೂರು, ಸಣ್ಣೂರು ಎಂದಷ್ಟೇ ಬರೆಯುತ್ತೇನೆ; ಇಲ್ಲವಾದರೆ ಜಗಳ ಮತ್ತೆ ಮೊದಲಾದೀತು! ದೇವಿ ಎಂದರೆ ಒಂದು ಬೆಳ್ಳಿಯ ಮುಖ. ಸಣ್ಣೂರು ಅವಳ ತವರು, ದೊಡ್ಡೂರು ಗಂಡನ ಮನೆ. ವರ್ಷವೆಲ್ಲ ಗಂಡನ ಊರಿನ ಗುಡಿಯಲ್ಲಿರುವ ಅವಳನ್ನು ನಾಗರ ಪಂಚಮಿಗೆ ತವರಿನವರು ಬಂದು, ಎಲ್ಲ ಹೆಣ್ಣುಮಕ್ಕಳನ್ನು ಕರೆದೊಯ್ಯುವ ಹಾಗೆಯೇ, ಬುಟ್ಟಿಯಲ್ಲಿ ಕೂರಿಸಿಕೊಂಡು ಕರೆದೊಯ್ಯುತ್ತಿದ್ದರು. ದಸರೆಗೆ ತಿರುಗಿ ಕಳಿಸುತ್ತಿದ್ದರು. ಕರೆಯಲು ಹೋಗುವ ಅಣ್ಣನ ಹಕ್ಕು ಸಣ್ಣೂರಿನ ಒಂದು ಕುರುಬರ ಮನೆತನದ್ದು. ಆಗ ಆ ಅಣ್ಣನಾಗಿದ್ದವನು ಎಪ್ಪತ್ತು ದಾಟಿದ ಒಬ್ಬ ಮುದುಕ.

ತೊಡಕು ಹುಟ್ಟಿದ್ದು ನೋಂದಣಿಯ ನಮೂನೆಯಿಂದ. "ಕಾಯಂ ವಿಳಾಸ" ಎಂಬ ಕಾಲಂ ಒಂದೇ ಇತ್ತು. ದೊಡ್ಡೂರಿನ ಹೆಸರು ಅಲ್ಲಿ ಬಿದ್ದರೆ ದೇವಿಯನ್ನು ಇನ್ನು ಮುಂದೆ ಕಳಿಸುವುದಿಲ್ಲ ಎಂದು ಅಲ್ಲಿಯ ಹಿರಿಯ ಪಂಚರಾದ ಗೌಡರು ಸಾರಿಬಿಟ್ಟಿದ್ದರು. ೧೯೭೪ರ ಬೇಸಿಗೆಯ ರಜೆಯಲ್ಲಿ ಕಾಕಾ ವಿಚಾರಣೆಗೆಂದು ದೊಡ್ಡೂರಿನ ಗುಡಿಗೆ ಹೊರಟಾಗ, ನನ್ನ ಕೈಬರಹ ದುಂಡಗಿದೆ ಎಂಬ ಕಾರಣಕ್ಕೆ ನನ್ನನ್ನೂ ಬಸ್ಸು ಹತ್ತಿಸಿದರು.

"ನಮ್ಮ ಊರ ಹೆಸರು ಬರೀರಿ ಸಾಹೇಬ್ರ," ಎಂದರು ಗೌಡರು. "ಹೆಣ್ಣು ಕೊಟ್ಟ ಮ್ಯಾಲೆ ಮುಗೀತು. ಇವರದೇನೈತಿ?"

ಮುದುಕ ಹೆಗಲ ಮೇಲಿನ ಕಂಬಳಿಯನ್ನು ಕೊಡವಿದ. "ಮುಗಿಯಾಕ ಆಕಿ ಏನು ಸಂತ್ಯಾಗ ಮಾರಿದ ಕುರಿ ಏನ್ರಿ, ಗೌಡ್ರ? ನಮ್ಮ ತಂಗಿ ಆಕಿ."

"ನಿಮ್ಮ ತಂಗಿ ನಮ್ಮ ಮನಿಗಿ ಬಂದು ಎಷ್ಟು ತಲಿಮಾರು ಕಳದೂವು! ಇನ್ನೂ ತವರು ಮರತಿಲ್ಲೇನು?"

"ನಿಮ್ಮ ಗೌಡಶ್ಯಾನಿ ಮರತಾರೇನ್ರಿ?"

ಗುಡಿಯ ಪೌಳಿಯ ಅಂಗಳ ನಗೆಯಿಂದ ತುಂಬಿತು. ಕಂಬದ ಮರೆಯಿಂದ ಎಲ್ಲರಿಗಿಂತ ಜೋರಾಗಿ ನಕ್ಕವರು ಗೌಡರ ಹೆಂಡತಿ, ಆ ಗೌಡಶ್ಯಾನಿಯೇ ಎಂದು ಆಮೇಲೆ ತಿಳಿಯಿತು.

ಕಾಕಾ ಲೇಖನಿಯನ್ನು ಎತ್ತಿ ಗದರಿಸಿದರು: "ಗದ್ದಲ ಮಾಡಬ್ಯಾಡ್ರಿ! ದೇವಿ ಅಪ್ರಾಪ್ತ ವಯಸ್ಸಿನಾಕಿ. ಸಣ್ಣ ಹುಡಿಗಿ ಮುಂದ ಹಿಂಗ ಜಗಳಾಡತಾರೇನು?"

ಮುದುಕ ತುಸು ಯೋಚಿಸಿ, ಅತ್ಯಂತ ವಿನಯದಿಂದ ಕೇಳಿದ: "ಸಣ್ಣ ಹುಡಿಗಿ ಅಂತೀರಿ, ಹಂಗಾರ ಆಕಿ ಲಗ್ನ ಹ್ಯಾಂಗಾತ್ರಿ, ಸಾಹೇಬ್ರ? ಬಾಲ್ಯವಿವಾಹದ ಕೇಸು ಇವರ ಮ್ಯಾಲೆ ಮೊದಲ ಹಾಕ್ರಿ!"

ಕಾಕಾನ ಲೇಖನಿ ನಿಂತುಹೋಯಿತು. ನಾಲ್ಕು ತಾಲೂಕುಗಳ ದೇವಾನುದೇವತೆಗಳನ್ನು ಅಂಕೆಯಲ್ಲಿಟ್ಟಿದ್ದ ಆ ಲೇಖನಿ ಒಬ್ಬ ಕುರುಬನ ಪ್ರಶ್ನೆಗೆ ನಿಂತುಹೋಯಿತು! ಗೌಡರೇ ಕೊನೆಗೆ ಕನಿಕರಪಟ್ಟು, "ನೀವು ಏನ ಬರದ್ರೂ ನಮಗ ಕಬೂಲ್ರಿ. ಸಾವಕಾಶ ಬರೀರಿ" ಎಂದರು.

ಆದರೆ ಸಾವಕಾಶಕ್ಕೂ ಒಂದು ಮಿತಿ ಬೇಡವೆ? ಮೇ ಮುಗಿಯಿತು, ಜೂನ್ ಮುಗಿಯಿತು. ಕಡತ ಮನೆಯ ಗೋಡೆಯ ಮಾಡದಲ್ಲಿಯೇ ಇತ್ತು. ಕಾಕಾ ದಿನಾಲು ಅದನ್ನು ತೆಗೆದು, ಓದಿ, ಮತ್ತೆ ಇಡುತ್ತಿದ್ದರು. ಪಂಚಮಿಗೆ ವಾರ ಉಳಿದಿದ್ದಾಗ ಮುದುಕ ನೇರವಾಗಿ ಮನೆಗೇ ಬಂದ. ಅತ್ತೆ ಅವನಿಗೆ ತಮ್ಮ ಬೆಲ್ಲದ ಚಹಾದಲ್ಲಿಯೇ ಪಾಲು ಕೊಟ್ಟರು.

"ಮನ್ಯಾಗ ಪಂಚಮಿ ಉಂಡಿ ಕಟ್ಯಾರ್ರಿ," ಎಂದ ಮುದುಕ. "ಜೋಕಾಲಿ ಹಗ್ಗ ಹೊಸಾದು ಹೊಸದೀನಿ. ಕರಿಯಾಕ ಹೋಗ್ಲೋ ಬ್ಯಾಡೋ, ಅಷ್ಟ ಹೇಳ್ರಿ. ನನಗ ಬೈದ್ರ ಬೈಲಿ. ಆದ್ರ ನಾ ಬಾಗಲಕ ನಿಂತಾಗ ಗೌಡ್ರು ಕಳಸೂದಿಲ್ಲ ಅಂದ್ರ, ಆಕಿ ಒಳಗ ಕೇಳ್ಕೋತ ಕುಂತಿರ್ತಾಳ್ರಿ."

ಕಾಕಾ ನಾಳೆ ತಿಳಿಸುವೆನೆಂದು ಹೇಳಿ ಅವನನ್ನು ಕಳಿಸಿದರು. ಅತ್ತೆ ಕಪ್ಪು-ಬಸಿಗಳನ್ನು ಎತ್ತುತ್ತ ಕೇಳಿದರು: "ಏನು ಬರೀತೀ ತಮ್ಮಾ?"

"ನಿಯಮ ನೋಡಿದ್ರ ಗಂಡನ ಮನೀನ, ಅಕ್ಕಾ."

"ಹಂಗ ಬರಿ. ನನ್ನ ಸಕ್ಕರಿ ಹೊರ್ತ್ಯಾಗ ಇಲ್ಲೇನು? ಆಕೀದೂ ಅಲ್ಲೇ ಇರಲಿ."

ಅತ್ತೆ ಎಂದಿನಂತೆ ನಗುತ್ತಲೇ ಅಂದರು. ನಾನೂ ರೂಢಿಯಂತೆ ನಗಲು ಬಾಯಿ ತೆರೆದೆ. ಕಾಕಾನ ಮುಖ ನೋಡಿ ಮುಚ್ಚಿದೆ. ಅವರ ಚಹಾ ಹಾಗೆಯೇ ಆರಿತು.

ಮರುದಿನ ಬೆಳಿಗ್ಗೆ ನನ್ನನ್ನು ಕೂರಿಸಿಕೊಂಡು ಬರೆಸಿದರು: "ಕಾಯಂ ವಿಳಾಸ: ಎರಡು. ಒಂದು ತವರು, ಒಂದು ಗಂಡನ ಮನೆ. ಪಂಚಮಿಗೆ ಅಣ್ಣ ಕರೆಯಲು ಬಂದಾಗ ದೇವಿಯನ್ನು ಯಾವ ತಕರಾರೂ ಇಲ್ಲದೆ ಕಳಿಸತಕ್ಕದ್ದು."

ನನ್ನೊಳಗಿನ ಮಾಸ್ತರ ಸುಮ್ಮನಿರಬೇಕಲ್ಲ! "ಕಾಕಾ, ಕಾಲಂನ್ಯಾಗ ಒಂದ ವಿಳಾಸಕ್ಕ ಜಾಗಾ ಐತಿ" ಎಂದೆ.

"ಕಾಲಂ ಸಣ್ಣದೈತಿ ಮಾಸ್ತರ. ಅದಕ್ಕ ಆಕಿ ಏನು ಮಾಡ್ಯಾಳು?"

ಎರಡೂ ಊರುಗಳಿಗೆ ನಕಲು ಹೋದವು. ಗೌಡರು ಓದಿ, "ಬರದಾರಂದ್ರ ಮುಗೀತು, ಬುಟ್ಟಿ ತರಾಕ ಹೇಳ್ರಿ" ಎಂದರಂತೆ. ಸಣ್ಣೂರಿನ ಜೋಕಾಲಿ ಆ ವರ್ಷವೂ ತೂಗಿತು.

ಆದರೆ ನಕಲು ಕಳಿಸಿದ ಕಾಕಾ ಅಂದು ಕಚೇರಿಯಿಂದ ಮನೆಗೆ ಬರಲಿಲ್ಲ. ತಹಸೀಲ ಕಚೇರಿಗೆ ಹೋಗಿ ಗುಮಾಸ್ತನ ಮುಂದೆ ಕುಳಿತವರು ಸಂಜೆಯವರೆಗೂ ಏಳಲಿಲ್ಲವಂತೆ. ದೀಪ ಹಚ್ಚುವ ಹೊತ್ತಿಗೆ ಬಂದು, ಅಂಗಿಯ ಕಿಸೆಯಿಂದ ರೇಷನ್ ಕಾರ್ಡನ್ನು ತೆಗೆದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಕಾಲು ತೊಳೆಯಲು ಹಿತ್ತಲಿಗೆ ಹೋದರು. ಅತ್ತೆಗೆ ಓದು ಬಾರದು. ನನ್ನ ಕೈಗೆ ಕೊಟ್ಟರು. ಹಳೆಯ ಕಾರ್ಡಲ್ಲ, ಹೊಸದು. ಕುಟುಂಬದ ಮುಖ್ಯಸ್ಥರು ಎಂಬಲ್ಲಿ ಅತ್ತೆಯ ಹೆಸರಿತ್ತು. ಅದರ ಕೆಳಗಿನ ಸಾಲಿನಲ್ಲಿ ಕಾಕಾನ ಹೆಸರು. ಮುಖ್ಯಸ್ಥರೊಡನೆ ಸಂಬಂಧ ಎಂಬಲ್ಲಿ, ತಮ್ಮ.

ಓದಿ ಹೇಳಿದೆ. ಅತ್ತೆ ಇನ್ನೊಮ್ಮೆ ಓದಲು ಹೇಳಿದರು. ಇನ್ನೊಮ್ಮೆ ಓದಿದೆ. ಆಮೇಲೆ ಅವರು ಒಲೆಯ ಮೇಲೆ ಚಹಾಕ್ಕೆ ಇಟ್ಟು, ಸಕ್ಕರೆಯ ಡಬ್ಬಿಯನ್ನು ಇಳಿಸಿ, ತಮ್ಮ ಕಪ್ಪಿಗೆ ಮೂರು ಚಮಚ ಹಾಕಿಕೊಂಡರು. ಬೆಲ್ಲದ್ದೇ ಸೇರುತ್ತದೆ ಎನ್ನುತ್ತಿದ್ದ ನಮ್ಮ ಅತ್ತೆ ಅದನ್ನು ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ ಕುಡಿದರು. ಅಂದು ೧೯೭೪ನೆಯ ಇಸವಿ ಜುಲೈ ಹತ್ತೊಂಬತ್ತು, ಶುಕ್ರವಾರ.