ವಿಲೋಮ ಅನುಪಾತ ಹೇಳಿಕೊಟ್ಟ ಕಷ್ಟ

ಗಣಿತದ ಮೇಡಂ ಆಗಿ ನಾನು ಅಜ್ಜಂಪುರ, ತರೀಕೆರೆ, ಕಡೂರು ಮೂರು ಕಡೆಯೂ ಕೆಲಸ ಮಾಡಿದೆ. ಯಾವ ಊರಿಗೆ ಹೋದರೂ ನೇರ ಅನುಪಾತ, ವಿಲೋಮ ಅನುಪಾತದ ಪಾಠ ಶುರು ಮಾಡಿದ ವಾರ ಏನಾದರೊಂದು ನಡೆದೇ ನಡೆಯುತ್ತಿತ್ತು. ಪಾಠವೇನೋ ಸುಲಭ. ಒಂದು ಎರಡು ಪಟ್ಟಾದಾಗ ಇನ್ನೊಂದೂ ಎರಡು ಪಟ್ಟಾದರೆ ನೇರ. ಅರ್ಧಕ್ಕೆ ಇಳಿದರೆ ವಿಲೋಮ. ಕಷ್ಟವೆಲ್ಲ ಉದಾಹರಣೆ ಕೊಡುವಾಗ.

ಈರುಳ್ಳಿ ಹೊಲ

ಎಪ್ಪತ್ತರ ದಶಕ. ಅಜ್ಜಂಪುರಕ್ಕೆ ಹೊಸದಾಗಿ ಬಂದಿದ್ದೆ. ಮಕ್ಕಳಿಗೆ ಗೊತ್ತಿರುವುದನ್ನೇ ಹೇಳೋಣ ಅಂತ, "ಒಂದು ಈರುಳ್ಳಿ ಹೊಲದ ಕಳೆ ತೆಗೆಯೋಕೆ ನಾಲ್ಕು ಹೆಂಗಸರಿಗೆ ಆರು ದಿನ ಬೇಕು. ಎಂಟು ಹೆಂಗಸರು ಬಂದರೆ?" ಅಂದೆ.

ಬುಕ್ಕಾಂಬುಧಿ ಕಡೆಯಿಂದ ಬರುತ್ತಿದ್ದ ಹುಡುಗಿ ಎದ್ದಳು. "ಒಂಬತ್ತು ದಿನ, ಮೇಡಂ."

"ಅದ್ಹೇಗೆ? ಜನ ಎರಡು ಪಟ್ಟಾದರೆ ದಿನ ಅರ್ಧ ಆಗ್ಬೇಕಲ್ವಾ? ಮೂರು ದಿನ."

"ನಾಲ್ಕು ಜನ ಆದ್ರೆ ಕಳೆ ಕೀಳ್ತಾರೆ ಮೇಡಂ. ಎಂಟು ಜನ ಸೇರಿದ್ರೆ ಮಾತಾಡ್ತಾರೆ. ನಮ್ಮ ಹೊಲಕ್ಕೆ ಬಂದು ನೋಡಿ."

ಹಟಕ್ಕೆ ಬಿದ್ದು ಭಾನುವಾರ ಹೋದೆ. ಎಂಟು ಜನ ಸಾಲು ಹಿಡಿದು ತಲೆಯೆತ್ತದೆ ಕಳೆ ಕೀಳುತ್ತಿದ್ದರು. ಗೆದ್ದೆ ಅಂತ ಬೀಗುವಷ್ಟರಲ್ಲಿ ಹುಡುಗಿಯ ದೊಡ್ಡಮ್ಮ ನನ್ನನ್ನು ಕಂಡು ಸೊಂಟ ನೆಟ್ಟಗೆ ಮಾಡಿದರು. "ಬರ್ರೀ ಮೇಡಮ್ಮೋರೇ! ಯಾವೂರು ನಿಮ್ದು? ಮದ್ವೆ ಆಗೈತಾ?"

ಆಗಿಲ್ಲ ಅಂದೆ. ಎಂಟು ಜನರ ಕೈಯೂ ಅಲ್ಲಿಗೆ ನಿಂತಿತು. ಬದುವಿನ ಮೇಲೆ ಕೂತು ಹೊತ್ತು ಇಳಿಯುವವರೆಗೆ ನನಗೆ ಗಂಡು ಹುಡುಕಿದರು.

ಸೋಮವಾರ ನಾನು ತರಗತಿಗೆ ಕಾಲಿಡುತ್ತಲೇ ಹುಡುಗಿ ಎದ್ದಳು. "ಮೇಡಂ, ನಿನ್ನೆ ನೀವು ಬಂದಿದ್ರಲ್ಲ, ಈಗ ಹತ್ತು ದಿನ."

ಕೆಮ್ಮಣ್ಣುಗುಂಡಿ ಬಸ್ಸು

ತರೀಕೆರೆಯಲ್ಲಿದ್ದಾಗ ಮಕ್ಕಳನ್ನು ಕೆಮ್ಮಣ್ಣುಗುಂಡಿಗೆ ಕರೆದುಕೊಂಡು ಹೋಗಿದ್ದೆವು. ಹಿಂದಿನ ದಿನವಷ್ಟೇ ವೇಗ ಮತ್ತು ಕಾಲದ ಲೆಕ್ಕ ಮಾಡಿಸಿದ್ದೆ: ಬೇಗ ಹೋದಷ್ಟೂ ಹಿಡಿಯುವ ಹೊತ್ತು ಕಡಿಮೆ, ವಿಲೋಮ.

ಹೆಡ್‌ಮಾಸ್ಟರು ಡ್ರೈವರಿನ ಪಕ್ಕದಲ್ಲೇ ಕೂತು, "ಸ್ವಲ್ಪ ಜೋರಾಗಿ ಬಿಡಪ್ಪಾ, ಬಿಸಿಲೇರೋದ್ರೊಳಗೆ ಮೇಲಿರ್ಬೇಕು" ಅಂದರು. ಡ್ರೈವರ್ ಬಿಟ್ಟ. ಮೂರನೇ ತಿರುವಿಗೆ ಮೊದಲ ಮಗು ಕಿಟಕಿಯಿಂದ ತಲೆ ಹೊರಗೆ ಹಾಕಿತು. ನಿಲ್ಲಿಸಿದೆವು. ಐದನೇ ತಿರುವಿಗೆ ನಾಲ್ಕು ಮಕ್ಕಳು. ಮತ್ತೆ ನಿಲ್ಲಿಸಿದೆವು. ಏಳನೇ ಸಲ ನಿಲ್ಲಿಸಿದ್ದು ಸ್ವತಃ ಹೆಡ್‌ಮಾಸ್ಟರಿಗಾಗಿ. ನಾನು ಅವರ ಕೋಟು ಹಿಡಿದುಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದೆ. ಮೇಲೆ ತಲುಪಿದಾಗ ಊಟದ ಹೊತ್ತೂ ಮೀರಿತ್ತು. ಊಟ ಯಾರಿಗೂ ಬೇಡ.

ಮುಂದಿನ ಪರೀಕ್ಷೆಯಲ್ಲಿ 'ನೇರ ಅನುಪಾತಕ್ಕೆ ಒಂದು ಉದಾಹರಣೆ ಕೊಡಿ' ಅಂತ ಕೇಳಿದ್ದೆ. ಇಡೀ ತರಗತಿ ಒಂದೇ ಉತ್ತರ ಬರೆದಿತ್ತು: 'ಬಸ್ಸಿನ ವೇಗ ಹೆಚ್ಚಿದಂತೆ ವಾಂತಿ ಹೆಚ್ಚುತ್ತದೆ.' ಒಬ್ಬ ಮಾತ್ರ ಕೆಳಗೆ ಸೇರಿಸಿದ್ದ: 'ಸಾಕ್ಷಿ: ಹೆಡ್‌ಮಾಸ್ಟರು.'

ಎಂಟನೇ ಸಲ

ಎಂಬತ್ತರ ದಶಕಕ್ಕೆ ಕಡೂರಿಗೆ ಬಂದೆ. ಅಲ್ಲಿ ನಮ್ಮ ಹೈಸ್ಕೂಲಿನ ಗಂಟೆ ಹೊಡೆಯುತ್ತಿದ್ದ ಜವಾನರಿಗೆ ನಲವತ್ತು ದಾಟಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಬೇರೆಲ್ಲ ಮುಗಿದು ಗಣಿತ ಒಂದೇ ಉಳಿದಿತ್ತು. ಏಳು ಸಲ ಕಟ್ಟಿ ಏಳು ಸಲವೂ ಫೇಲ್. ಪಾಸಾದರೆ ಗುಮಾಸ್ತರಾಗಿ ಬಡ್ತಿ. ಆ ವರ್ಷ ಅವರ ಮಗಳೂ ಎಸ್ಸೆಸ್ಸೆಲ್ಸಿಗೆ ಬಂದಿದ್ದಳು.

"ಅವಳ ಮುಂದೆ ಇನ್ನೊಂದ್ಸಲ ಫೇಲಾದ್ರೆ ಮುಖ ಎಲ್ಲಿ ಇಟ್ಕೊಳ್ಳಲಿ ಮೇಡಂ?" ಅಂದರು.

ದಿನಾ ಸಂಜೆ ಖಾಲಿ ತರಗತಿಯಲ್ಲಿ ಹೇಳಿಕೊಡುತ್ತಿದ್ದೆ. ಬೀರೂರಿನ ಕಡೆ ಹೋಗುವ ರೈಲು ಕೂಗಿದರೆ ಆವತ್ತಿನ ಪಾಠ ಮುಗಿಯಿತು ಅಂತ ಲೆಕ್ಕ. ಈಗಲೂ ಎಲ್ಲಾದರೂ ರೈಲು ಕೂಗಿದರೆ, ಆ ಸಣ್ಣ ಬೆಂಚಿನಲ್ಲಿ ಮಂಡಿ ಮಡಚಿ ಕೂರಲಾರದೆ ಕೂತಿದ್ದ ಅವರೇ ನೆನಪಾಗುತ್ತಾರೆ. ಎಲ್ಲ ಕಲಿತರು, ವಿಲೋಮ ಮಾತ್ರ ತಲೆಗೆ ಹತ್ತಲಿಲ್ಲ. ಕೊನೆಗೊಂದು ದಿನ ಕೇಳಿದೆ, "ಮಾಡಿಟ್ಟ ಅಡುಗೆ ಅಷ್ಟೇ ಇದೆ, ಮನೆಗೆ ನೆಂಟರು ಬಂದ್ಬಿಟ್ರು. ಒಬ್ಬೊಬ್ಬರ ಪಾಲು ಏನಾಗುತ್ತೆ?"

ಅವರ ಮುಖ ಅರಳಿತು. "ಓಹೋ, ಇಷ್ಟೇಯಾ? ಇದು ನಮ್ಮನೆಯವಳಿಗೆ ಯಾವತ್ತೋ ಗೊತ್ತು ಕಣ್ರೀ!"

ಪರೀಕ್ಷೆಯ ದಿನ ಗೇಟಿನ ಹತ್ತಿರ ಕಾದಿದ್ದೆ. ಮೊದಲು ಮಗಳು ಬಂದಳು, ಹಿಂದೆ ಅಪ್ಪ.

"ಕೋಟೆ ಲೆಕ್ಕ ಬಂದಿತ್ತು ಮೇಡಂ," ಅಂದರು ಅಪ್ಪ. "ನೂರಿಪ್ಪತ್ತು ಸೈನಿಕರಿಗೆ ಮೂವತ್ತು ದಿನಕ್ಕೆ ಆಗೋಷ್ಟು ಆಹಾರ ಇದೆ, ಇನ್ನೂ ಮೂವತ್ತು ಜನ ಬಂದ್ರೆ ಎಷ್ಟು ದಿನ ಬರುತ್ತೆ ಅಂತ."

"ಏನು ಬರೆದ್ರಿ?" ಅಂದೆ.

"ಇಪ್ಪತ್ನಾಲ್ಕು."

ರಸ್ತೆ ಅಂತಲೂ ನೋಡದೆ ಚಪ್ಪಾಳೆ ತಟ್ಟಿದೆ. ಅವರು ಮಾತ್ರ ನಗಲಿಲ್ಲ.

"ಕೆಳಗೆ ಇನ್ನೊಂದು ಸಾಲು ಬರೆದ್ಬಿಟ್ಟೆ ಮೇಡಂ. ಪಾಪ, ಆರು ದಿನ ಉಪವಾಸ ಬೀಳ್ತಾರಲ್ಲ ಅನ್ನಿಸ್ತು."

"ಏನಂತ?"

"'ಸಾರಿಗೆ ನೀರು ಹಾಕಿದರೆ ಮೂವತ್ತು ದಿನವೂ ಬರುತ್ತದೆ' ಅಂತ."

ಫಲಿತಾಂಶ ಬಂತು. ಮಗಳಿಗೆ ಫಸ್ಟ್ ಕ್ಲಾಸು. ಅಪ್ಪನಿಗೆ ಸರಿಯಾಗಿ ಮೂವತ್ತೈದು; ಒಂದು ಕಡಿಮೆಯಾಗಿದ್ದರೂ ಫೇಲೇ. ಪೇಡದ ಪೊಟ್ಟಣ ಹಿಡಿದು ಸ್ಟಾಫ್ ರೂಮಿಗೆ ಬಂದವರು ಕಣ್ಣೊರೆಸಿಕೊಳ್ಳುತ್ತಾ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು:

"ಮೇಡಂ, ಆ ಕೊನೇ ಮಾರ್ಕು ಸಾರಿಗೇ ಕೊಟ್ಟಿರೋದು ಕಣ್ರೀ."