ಮಧುಗಿರಿಯಲ್ಲಿ ಕೇಳಿದ ನಾದ

ಪಾವಗಡದ ಆಂಪ್ಲಿಫೈಯರೂ ಪಟ್ಟನಾಯಕನಹಳ್ಳಿ ಮಠದ ಕೊಪ್ಪರಿಗೆಯೂ ಒಂದೇ ದಿನ ಒಂದೇ ಮನೆಗೆ ಬರಬಾರದಿತ್ತು. ಬಂದವು. ಭಗವಂತ ಕೆಲವು ಸಲ ಪ್ರಶ್ನೆಯನ್ನೂ ಉತ್ತರವನ್ನೂ ಒಟ್ಟಿಗೇ ಕಳಿಸಿಕೊಡುತ್ತಾನೆ; ಯಾವುದು ಯಾವುದೆಂದು ಚೀಟಿ ಬರೆದು ಅಂಟಿಸಿರುವುದಿಲ್ಲ, ಅಷ್ಟೆ.

ಮೊದಲು ಬಂದದ್ದು ಕೊಪ್ಪರಿಗೆ. ಸಿರಾ ಪೇಟೆಯ ಕಲಾಯಿ ಅಹಮದ್ ಷರೀಫನ ಹಿತ್ತಿಲಲ್ಲಿ ಅದನ್ನು ನಾಲ್ಕು ಜನ ಹಿಡಿದು ಇಳಿಸಿದರು. ಒಬ್ಬ ಆಳು ಒಳಗೆ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಬಹುದು, ಅಂಥ ತಾಮ್ರದ ಕೊಪ್ಪರಿಗೆ. ಮಠದ ಉಗ್ರಾಣ ನೋಡಿಕೊಳ್ಳುವ ಮಹಾಲಿಂಗಯ್ಯನವರು ಗಾಡಿಯ ಜೊತೆಯಲ್ಲೇ ಬಂದಿದ್ದರು. ಇಂಥವು ಇನ್ನೂ ಮೂವತ್ತಿವೆ, ಹುಣ್ಣಿಮೆಯ ದಾಸೋಹದ ಹೊತ್ತಿಗೆ ಎಲ್ಲಕ್ಕೂ ಕಲಾಯಿ ಆಗಬೇಕು, ಸಂಜೆ ವೀಳ್ಯ ತರುತ್ತೇನೆ, ಹಿಡಿದರೆ ಕೆಲಸ ನಿನ್ನದು, ಇಲ್ಲದಿದ್ದರೆ ಕೊಪ್ಪರಿಗೆ ತುಮಕೂರಿಗೆ ಹೋಗುತ್ತದೆ ಎಂದು ಹೇಳಿ ಪೇಟೆಯ ಕಡೆ ಹೊರಟರು. ಆ ಸೀಮೆಯಲ್ಲಿ ಕೋರ್ಟಿನ ತೀರ್ಪಿಗಾದರೂ ಅಪೀಲು ಉಂಟು, ಕೈಗೆ ಬಂದ ವೀಳ್ಯಕ್ಕೆ ಇಲ್ಲ.

ಷರೀಫನ ಹೆಂಡತಿ ಕರೀಮುನ್ನೀಸಾ ಬೀಡಿ ಸುತ್ತುವ ಮೊರವನ್ನು ಕೆಳಗಿಟ್ಟು ಎರಡೂ ಕೈಯೆತ್ತಿ ದುವಾ ಮಾಡಿದಳು. ಷರೀಫ ಮಾತ್ರ ಕೊಪ್ಪರಿಗೆಯನ್ನು ಹೊಟ್ಟೆನೋವಿನವನು ಹರಳೆಣ್ಣೆಯನ್ನು ನೋಡುವ ಹಾಗೆ ನೋಡಿದ.

ಅದಕ್ಕೆ ಹನ್ನೊಂದು ವರ್ಷ ಹಳೆಯ ಕಾರಣವಿತ್ತು. ಐವತ್ತಮೂರನೇ ಇಸವಿಯಲ್ಲಿ ಮಧುಗಿರಿಯ ಸಾಹುಕಾರರೊಬ್ಬರ ಮದುವೆಮನೆಗೆ ಅವನು ಪಾತ್ರೆಗಳ ಕಲಾಯಿಗೆ ಹೋಗಿದ್ದ. ಹಿತ್ತಿಲಲ್ಲಿ ಮೈಮರೆತು ಉಜ್ಜುತ್ತಿದ್ದಾಗ, ಬಾವಿಯ ತಳದಲ್ಲಿ ಗಂಟೆ ಬಾರಿಸಿದ ಹಾಗೆ, ಆ ಗಂಟೆಗೆ ಪಾರಿವಾಳವೊಂದು ಗುಟುರು ಹಾಕಿ ಉತ್ತರ ಕೊಟ್ಟ ಹಾಗೆ ಒಂದು ನಾದ ಬಂದು ಅವನನ್ನು ನಾಲ್ಕೂ ಕಡೆಯಿಂದ ಸುತ್ತಿಕೊಂಡಿತು. ಕೈಕಾಲಿನ ಮಸಿ ತೊಳೆದು ಚಪ್ಪರದ ಕಡೆ ಓಡುವ ಹೊತ್ತಿಗೆ ಬೆಂಗಳೂರಿನ ವಾದ್ಯದವರು ಊಟಕ್ಕೆ ಎದ್ದಿದ್ದರು. ಅವರಲ್ಲೊಬ್ಬ ಪುಣ್ಯಾತ್ಮ ಎಂಜಲು ಕೈಯಲ್ಲೇ ಎಲ್ಲವನ್ನೂ ತೋರಿಸಿದ. ಇದು ಗಿಟಾರು, ಮಡಿಲಲ್ಲಿ ಮಲಗಿಸಿಕೊಂಡು ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಬೇಕು. ತಂತಿಯ ಕೆಳಗಿರುವುದು ಪಿಕಪ್ಪು, ಅಂದರೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸಣ್ಣ ತಂತಿ; ಅದು ನಾದವನ್ನು ಹಿಡಿಯುತ್ತದೆ. ಹಿಡಿದದ್ದನ್ನು ದೊಡ್ಡದು ಮಾಡುವುದು ಈ ವಾಲ್ವಿನ ಪೆಟ್ಟಿಗೆ.

ಅಷ್ಟು ಕೇಳಿದ್ದೇ ಸಾಕಾಯಿತು. ಷರೀಫ ಬೆಂಗಳೂರಿನ ದಂಡಿನ ಪೇಟೆಯಲ್ಲಿ ಯಾವನೋ ದೊರೆ ಬಿಟ್ಟುಹೋದ ಗಿಟಾರೊಂದನ್ನು ಹೇಗೋ ತಂದ. ಬಾರಿಸುವುದನ್ನು ಕಲಿತ. ಆದರೆ ನಾದ ಬರಲಿಲ್ಲ. ಕೆಟ್ಟ ಟೆಲಿಫೋನಿನ ಅಯಸ್ಕಾಂತಕ್ಕೆ ಸುಟ್ಟ ಫ್ಯಾನಿನ ತಂತಿ ಸುತ್ತಿ ಪಿಕಪ್ಪು ಮಾಡಿದ; ಸೊಳ್ಳೆಯ ದನಿ ಬಂತು. ಸೈಕಲ್ ಡೈನಮೋದ ಅಯಸ್ಕಾಂತ ಹಾಕಿದ. ಆಡಿನ ದನಿ ಬಂತು. ಸುರುಳಿ ಬಿಚ್ಚಿಕೊಳ್ಳದಿರಲೆಂದು ಹೆಂಡತಿಯ ಬೀಡಿ ದಾರ ಕಟ್ಟಿದ, ಜೇನುಮೇಣ ಹುಯ್ದ. ಒಂಬತ್ತನೆಯ ಪಿಕಪ್ಪಿಗೆ ಮುಚ್ಚಳ ಬೇಕಾದಾಗ ಅತ್ತೆ ಅಮೀರ್ ಬಿಯ ಎಲೆಯಡಿಕೆ ಡಬ್ಬಿಯದನ್ನು ಕಿತ್ತುಕೊಂಡ. ಅಂದಿನಿಂದ ಆ ಮುದುಕಿ ಅಳಿಯನೊಂದಿಗೆ ಮಾತು ಬಿಟ್ಟಿದ್ದಳು; ಹೇಳಬೇಕಾದುದನ್ನು ಕೋಳಿಗೆ ಹೇಳುತ್ತಿದ್ದಳು.

"ನೋಡಮ್ಮ ಕೋಳಿ," ಎಂದಳು ಆ ದಿನವೂ. "ಮಠದೋರು ಮನೆ ತನಕ ಕೆಲ್ಸ ತಂದವ್ರೆ. ಇಳಿದು ಉಜ್ಜೋ ಗಂಡ್ಸು ಈ ಮನೇಲಿ ಐತಾ ನೀನೇ ಹೇಳು."

ಅಷ್ಟರಲ್ಲಿ ಮೈಕ್ ಸೆಟ್ಟಿನ ನಂದೀಶ್ವರಯ್ಯ ಬಸ್ಸಿನಿಂದಿಳಿದು ಪೆಟ್ಟಿಗೆ ಹೊತ್ತು ಬಂದ. ಮದುವೆ ಮುಂಜಿಗಳಿಗೆ ಹಾರ್ನು ಕಟ್ಟುವವನು, ರೇಡಿಯೋ ರಿಪೇರಿಯವನು, ಷರೀಫನ ಹನ್ನೊಂದು ವರ್ಷದ ಹುಚ್ಚಿನಲ್ಲಿ ಒಂಬತ್ತು ವರ್ಷದ ಪಾಲುದಾರ. ಪಾವಗಡದ ಟೆಂಟ್ ಸಿನಿಮಾದವರು ಹೊಸ ಯಂತ್ರ ತರಿಸಿದ್ದರಿಂದ ಹಳೆಯ ವಾಲ್ವಿನ ಆಂಪ್ಲಿಫೈಯರು ಅಗ್ಗಕ್ಕೆ ಸಿಕ್ಕಿತ್ತು. "ಪಾತದಿ ಬಂಗಾರಂ ಸ್ವಾಮೀ, ಹಳೇದೇ ಚಿನ್ನ" ಎಂದು ಟೆಂಟಿನವನು ಎರಡು ಭಾಷೆಯಲ್ಲೂ ಪ್ರಮಾಣ ಮಾಡಿದ್ದನಂತೆ.

ಕರೀಮುನ್ನೀಸಾ ಪೆಟ್ಟಿಗೆಯನ್ನೂ ನೋಡಿದಳು, ಗಂಡನನ್ನೂ ನೋಡಿದಳು. ಅವಳು ಜಗಳವಾಡುವ ಹೆಂಗಸಲ್ಲ. ಮಲಿಕ್ ರೆಹಾನ್ ದರ್ಗಾದ ದಿಕ್ಕಿಗೆ ಮುಖ ಮಾಡಿ ನಿಲ್ಲಿ ಎಂದಳು. ಷರೀಫ ನಿಂತ.

"ಇವತ್ತು ಇಳಿಹೊತ್ತಿನ ಅಸರ್ ಬಾಂಗು ಕೂಗೋದ್ರೊಳಗೆ ನಿಮ್ಮ ನಾದ ಬಂದ್ರೆ ನಾನು ಇನ್ನು ಈ ಜನ್ಮದಾಗೆ ಗಿಟಾರಿನ ಮಾತೆತ್ತಾಕಿಲ್ಲ. ಬರ್ದಿದ್ರೆ ಗಿಟಾರು ನಂದೀಶಣ್ಣಂಗೆ ಕೊಟ್ಬುಟ್ಟು ಕಲಾಯಿ ತಿದಿ ಹಿಡೀಬೇಕು. ಹೂಂ ಅನ್ನಿ."

ಷರೀಫ ಹೂಂ ಅಂದ. ಕೋಳಿಯೂ ಸಾಕ್ಷಿಗೆ ನಿಂತಿತ್ತು.

ನಡುಮನೆಯ ಬಲ್ಬು ಬಿಚ್ಚಿ ಆ ಹೋಲ್ಡರಿನಿಂದ ಪೆಟ್ಟಿಗೆಗೆ ಕರೆಂಟು ಎಳೆದರು. ವಾಲ್ವುಗಳು ಕೆಂಪಗೆ ಕಣ್ಣುಬಿಟ್ಟವು. ಷರೀಫ ಬಿಸ್ಮಿಲ್ಲಾ ಎಂದು ತಂತಿ ಮೀಟಿ ಉಕ್ಕು ಜಾರಿಸಿದ. ಉಬ್ಬಸದ ಎಮ್ಮೆ ಮೆಟ್ಟಲು ಹತ್ತುವಂಥ ಸದ್ದೊಂದು ಹೊರಟು ಬಾಗಿಲ ತನಕ ಹೋಗಿ ಸುಸ್ತಾಗಿ ಬಿದ್ದುಹೋಯಿತು.

ಸದ್ದು ಕೇಳಿ ಮೊದಲು ಬಂದವನು ಎದುರುಮನೆಯ ದೊಡ್ಡರಂಗಪ್ಪ. ಪಕ್ಕದಲ್ಲೇ ಅವನ ಹಿಟ್ಟಿನ ಮಿಷನ್ನು. ತಲೆಯಿಂದ ಪಾದದವರೆಗೂ ಹಿಟ್ಟು ಮೆತ್ತಿಕೊಂಡು ಹಗಲಲ್ಲೂ ದೆವ್ವದಂತೆ ಓಡಾಡುವ ಮನುಷ್ಯ. ಬೀದಿಯ ಎಲ್ಲರ ಮನೆಯ ಸಾರಿಗೂ ಉಪ್ಪೆಷ್ಟು ಹಾಕಬೇಕೆಂದು ಹೇಳದೆ ಅವನಿಗೆ ನಿದ್ದೆ ಬಾರದು.

"ಪೆಟ್ಟಿಗೆ ನೆಲದ ಮ್ಯಾಲಿಟ್ರೆ ನೆಲವೇ ನಾದ ಕುಡೀತದೆ ಕಣ್ಲಾ ಷರೀಫಾ. ರಾಗಿ ಮೂಟೆ ಮ್ಯಾಲಿಡು."

ಮೂಟೆಯ ಮೇಲಿಟ್ಟರು. ಎಮ್ಮೆಗೆ ಸ್ವಲ್ಪ ನೆಗಡಿಯೂ ಸೇರಿಕೊಂಡಿತು. ಪಿಕಪ್ಪನ್ನು ಮೇಲಕ್ಕೆತ್ತಿದರು, ಕೆಳಗಿಳಿಸಿದರು, ಹಿಂದಿನ ಎಂಟು ಪಿಕಪ್ಪುಗಳನ್ನೂ ಒಂದೊಂದಾಗಿ ಕಟ್ಟಿ ನೋಡಿದರು. ಮಧ್ಯಾಹ್ನದ ನಮಾಜು ಮುಗಿಯಿತು. ಕೊನೆಗೆ ನಂದೀಶ್ವರಯ್ಯ ರೋಗ ಕಂಡುಹಿಡಿದ. ಹಿಟ್ಟಿನ ಮಿಷನ್ನು ಓಡುವಾಗ ಬೀದಿಯ ಕರೆಂಟನ್ನೆಲ್ಲ ಅದೇ ಹೀರಿಕೊಂಡು ಪೆಟ್ಟಿಗೆಗೆ ತಳದ ಗಸಿ ಮಾತ್ರ ಉಳಿಯುತ್ತಿದೆ. ಅವನು ಪೆಟ್ಟಿಗೆಯ ಬೆನ್ನು ಬಿಚ್ಚಿ, ಇರುವಷ್ಟು ಕರೆಂಟಿನಲ್ಲೇ ಮೈತುಂಬ ಬಲ ಬರುವಂತೆ ಒಂದು ತಂತಿಯನ್ನು ಬೇರೆ ಕಡೆ ಬೆಸೆದ.

ಆ ಹೊತ್ತಿಗೆ ದೊಡ್ಡರಂಗಪ್ಪ ಅಲ್ಲಿರಲಿಲ್ಲ. ರೋಗದ ಮಾತು ಕಿವಿಗೆ ಬಿದ್ದದ್ದೇ ತಡ, ತನ್ನಿಂದ ಒಬ್ಬನ ಹನ್ನೊಂದು ವರ್ಷದ ತಪಸ್ಸು ಕೆಡಬಾರದೆಂದು ಓಡಿಹೋಗಿ, ಯಾರಿಗೂ ಹೇಳದೆ, ಮಿಷನ್ನು ನಿಲ್ಲಿಸಿಬಿಟ್ಟ.

ಹೀಗೆ ಒಂದೇ ಹಸಿದ ಹೊಟ್ಟೆಗೆ ಇಬ್ಬರು ಪುಣ್ಯವಂತರು ಒಬ್ಬರಿಗೊಬ್ಬರು ತಿಳಿಯದೆ ಎರಡು ಊಟ ಬಡಿಸಿದರು. ಬೀದಿಯ ಕರೆಂಟೆಲ್ಲ ಒಮ್ಮೆಲೇ ಪೆಟ್ಟಿಗೆಗೆ ನುಗ್ಗಿತು. ವಾಲ್ವುಗಳು ಕೆಂಪು ಬಿಟ್ಟು ನೀಲಿಯಾದವು, ರಾಗಿ ಮೂಟೆ ಹೊಗೆಯಾಡಿತು, ಹೊರಗೆ ಕಂಬದ ಮೇಲಿನ ಫ್ಯೂಸು ಢಮ್ಮೆಂದು ಹಾರಿತು. ಅಮೀರ್ ಬಿಯ ಕೋಳಿ ಗೋಡೆ ಹಾರಿತು. ದೊಡ್ಡರಂಗಪ್ಪ ಮಿಷನ್ನನ್ನು ಮತ್ತೆ ಓಡಿಸಲು ಹೋದರೆ ಅದು ಮಾತೇ ಆಡಲಿಲ್ಲ.

ಮಿಷನ್ನಿನ ಮುಂದೆ ಹದಿನಾರು ಹೆಂಗಸರು ಸಾಲಾಗಿ ನಿಂತಿದ್ದರು. ಅವರ ಮುಂದಾಳು ಚಿಕ್ಕಹನುಮಕ್ಕನದು ಅರ್ಧ ಹಿಟ್ಟಾಗಿತ್ತು, ಅರ್ಧ ಕಾಳಾಗಿತ್ತು. ಆಕೆ ಎರಡನ್ನೂ ಒಂದೇ ಪುಟ್ಟಿಯಲ್ಲಿಟ್ಟುಕೊಂಡು ಸೀದಾ ಷರೀಫನ ಬಾಗಿಲಿಗೆ ಬಂದಳು. ಉಳಿದವರೂ ಹಿಂದೆಯೇ ಬಂದರು.

"ಎಲ್ಲಮ್ಮೀ ಕರೀಮಾ ನಿನ್ ಗಂಡ? ಹೊಲದಿಂದ ಬರೋರಿಗೆ ನಾನೇನು ಗಿಟಾರು ತಿರುವಿ ಮುದ್ದೆ ಕಟ್ಲಾ?"

ಕರೀಮುನ್ನೀಸಾ ತಿರುಗಿ ನೋಡಿದಳು. ಗಂಡ ಅಲ್ಲಿರಲಿಲ್ಲ.

ಷರೀಫ ಹಿತ್ತಿಲಿಗೆ ಓಡಿದ್ದ. ಹಿತ್ತಿಲ ಗೋಡೆ ಎತ್ತರ, ಅವನ ವಯಸ್ಸು ನಲವತ್ತೆರಡು. ಅಡಗಿಕೊಳ್ಳಲು ಅಲ್ಲಿದ್ದದ್ದು ಒಂದೇ ಜಾಗ. ಅವನು ಕೊಪ್ಪರಿಗೆಯೊಳಗೆ ಇಳಿದು ಮಂಡಿಯನ್ನು ಗಲ್ಲಕ್ಕೆ ಒತ್ತಿ ಕೂತ. ತಾಮ್ರ ತಣ್ಣಗಿತ್ತು. ಮೇಲೆ ದುಂಡಗೆ ಒಂದು ತುಂಡು ಆಕಾಶ ಕಾಣುತ್ತಿತ್ತು. ಅಸರ್‌ಗೆ ಇನ್ನೆಷ್ಟು ಹೊತ್ತು ಉಳಿದಿದೆಯೆಂದು ಲೆಕ್ಕ ಹಾಕಿದ, ಹೆಚ್ಚು ಉಳಿದಿರಲಿಲ್ಲ. ನಾದ ಬರಲಿಲ್ಲ, ಗಿಟಾರು ಹೋಯಿತು ಎಂದುಕೊಂಡಾಗ ಕಣ್ಣಲ್ಲಿ ನೀರು ಬಂತು. ಯಾ ಅಲ್ಲಾ, ಒಂದು ಸಲ ಕೇಳಿಸು, ಆಮೇಲೆ ನಿನ್ನಿಷ್ಟ ಎಂದ.

ಹೊರಗೆ ಲೈನ್‌ಮನ್ ಸೈಕಲ್ಲಿನಲ್ಲಿ ಬಂದು ಕಂಬ ಹತ್ತಿ ಫ್ಯೂಸು ಕಟ್ಟಿದ. ಮಿಷನ್ನು ಓಡಿತು. ಹೆಂಗಸರು ಮಿಷನ್ನಿಗೂ ಹೋಗಬೇಕು, ಷರೀಫನನ್ನೂ ಬಯ್ಯಬೇಕು ಎಂಬ ಇಕ್ಕಟ್ಟಿನಲ್ಲಿ ಅರ್ಧರ್ಧವಾದರು. ನಡುಮನೆಯಲ್ಲಿ ನಂದೀಶ್ವರಯ್ಯ ತಂತಿಯನ್ನು ಮೊದಲಿದ್ದ ಕಡೆಗೇ ಬೆಸೆದು, ಸುಟ್ಟ ವಾಲ್ವು ತೆಗೆದು ಬೇರೆಯದು ಸಿಕ್ಕಿಸಿ, ಪೆಟ್ಟಿಗೆಗೆ ಜೀವವಿದೆಯೇ ನೋಡೋಣವೆಂದು ಗಿಟಾರನ್ನು ಮಡಿಲಿಗೆಳೆದುಕೊಂಡು ಒಂದು ತಂತಿ ಮೀಟಿದ.

ಬಾವಿಯ ತಳದಲ್ಲಿ ಗಂಟೆ ಬಾರಿಸಿದ ಹಾಗೆ. ಆ ಗಂಟೆಗೆ ಪಾರಿವಾಳವೊಂದು ಗುಟುರು ಹಾಕಿ ಉತ್ತರ ಕೊಟ್ಟ ಹಾಗೆ.

ಷರೀಫ ದಡಕ್ಕನೆ ಎದ್ದು ನಿಂತ. ಎಮ್ಮೆಯ ಉಬ್ಬಸ ಕೇಳಿಸಿತು. ಕೂತ. ಗಂಟೆ, ಪಾರಿವಾಳ. ಎದ್ದ. ಎಮ್ಮೆ. ಕೂತ. ಪಾರಿವಾಳ. ಮಧುಗಿರಿಯ ಆ ಮಧ್ಯಾಹ್ನ ತಾನು ಎಲ್ಲಿದ್ದೆನೆಂಬುದು ಹನ್ನೊಂದು ವರ್ಷದ ಮೇಲೆ ಆಗ ಅವನಿಗೆ ನೆನಪಾಯಿತು. ಕಲಾಯಿಯವನು ಮದುವೆಮನೆಯಲ್ಲಿ ಇನ್ನೆಲ್ಲಿರುತ್ತಾನೆ? ಮರಳು, ಹುಣಿಸೆಹುಳಿ ಹಾಕಿಕೊಂಡು ಕೊಪ್ಪರಿಗೆಯೊಳಗೆ ನಿಂತು, ಕಾಲಲ್ಲಿ ತಿರುಗಿಸಿ ತಿರುಗಿಸಿ, ಬಗ್ಗಿ ಕೈಯಲ್ಲಿ ತಿಕ್ಕುತ್ತಿರುತ್ತಾನೆ. ಅಲ್ಲಿ ಹಾಡಿದ್ದು ಪಿಕಪ್ಪಲ್ಲ, ಪೆಟ್ಟಿಗೆಯಲ್ಲ. ಅವನು ಬಿಟ್ಟು ಓಡಿಹೋಗಬೇಕೆಂದಿದ್ದ ತಾಮ್ರ.

"ನಂದೀಶಯ್ನೋರೆ, ನಿಲ್ಲುಸ್ಬ್ಯಾಡಿ," ಎಂದು ಅವನು ಕೊಪ್ಪರಿಗೆಯಿಂದಲೇ ಕೂಗಿದ. "ಬಂತು. ಬಂದ್ಬುಡ್ತು."

ಮಸೀದಿಯಲ್ಲಿ ಬಾಂಗು ಶುರುವಾದಾಗ ಷರೀಫ ಹೊರಗೆ ಬಂದು ತಲೆಗೆ ವಸ್ತ್ರ ಹಾಕಿಕೊಂಡು ನಮಾಜು ಮಾಡಿದ. ಅಂಥ ಮನಸ್ಸಿಟ್ಟ ನಮಾಜನ್ನು ಅವನು ಹಬ್ಬದಲ್ಲೂ ಮಾಡಿರಲಿಲ್ಲ. ಆಣೆ ಗೆದ್ದಿದ್ದ. ಆಮೇಲೆ ಎಲ್ಲರನ್ನೂ ಕರೆದು, ಪೆಟ್ಟಿಗೆಯನ್ನೇ ಕೊಪ್ಪರಿಗೆಯಲ್ಲಿಳಿಸಿ ಹೊರಗೆ ಕೂತು ಬಾರಿಸಿ ನೋಡಿದ. ಕಂಬಳಿ ಹೊದ್ದವನು ಕೆಮ್ಮಿದ ಹಾಗಾಯಿತು. ಗಿಟಾರು ಹಿಡಿದು ತಾನೇ ಒಳಗಿಳಿಯಲು ಹೋದ. ಗಿಟಾರು ಹಿಡಿಸಿದರೆ ಮೊಣಕೈ ಹಿಡಿಸದು. ನಾದ ಬೇಕಾದವನು ಒಳಗಿರಬೇಕು, ಬಾರಿಸುವವನು ಹೊರಗಿರಬೇಕು, ಬೇರೆ ದಾರಿಯಿಲ್ಲ. ನಂದೀಶ್ವರಯ್ಯ ಸಂತೋಷದಿಂದ ಹೊರಗೆ ಕೂತ. ಷರೀಫ ಮತ್ತೆ ಒಳಗಿಳಿದ. ಸುಖ ಹೆಚ್ಚಾದಂತೆಲ್ಲ ಎದ್ದು ನೋಡುವುದು, ಕೂತು ಕೇಳುವುದು ನಡೆಯಿತು.

ಮಹಾಲಿಂಗಯ್ಯನವರು ಸಂಜೆಯ ವೀಳ್ಯ ಹಿಡಿದು ಹಿತ್ತಿಲಿಗೆ ಬಂದಾಗ ಕಂಡದ್ದು ಇದು: ಕಲಾಯಿಯವನು ಕೊಪ್ಪರಿಗೆಯೊಳಗೆ ಎದ್ದೂ ಬಿದ್ದೂ ಬೆವರುತ್ತಿದ್ದಾನೆ. ಇಷ್ಟು ಶ್ರದ್ಧೆಯಿಂದ ಉಜ್ಜುವವನನ್ನು ಅವರು ನೋಡಿರಲಿಲ್ಲ. ಷರೀಫ ಕಣ್ಣು ಮುಚ್ಚಿ ಎದ್ದು, ಆನಂದದಿಂದ ಎರಡೂ ಕೈ ಮುಂದೆ ಚಾಚಿದ. ಅವರು ಆ ಕೈಯಲ್ಲಿ ವೀಳ್ಯ ಇಟ್ಟರು.

"ಕೇಳೋಕ್ ಮುಂಚೆ ಇಳಿದ್ಬುಟ್ಟಿದ್ದೀಯ. ಗುರು ಒಳ್ಳೇದ್ ಮಾಡ್ಲಿ ಕಣಪ್ಪ. ಬೆಳಿಗ್ಗೆ ಮೂವತ್ತೂ ಬಂದ್ಬುಡ್ತವೆ."

ಕಣ್ಣು ಬಿಟ್ಟಾಗ ಎಲೆ ಅಡಿಕೆ ಅಂಗೈಯಲ್ಲಿತ್ತು. ಹೆಂಡತಿಯ ಕಣ್ಣು ಅಂಗೈಯ ಮೇಲಿತ್ತು. ಷರೀಫ ಮನಸ್ಸಿನಲ್ಲೇ ಸಮಾಧಾನ ಹೇಳಿಕೊಂಡ. ಇರಲಿ, ಮೂವತ್ತೊಂದು ಕೊಪ್ಪರಿಗೆ. ನಂದೀಶ ಬಾರಿಸಲಿ, ನಾನು ಒಳಗೆ ಕೂತು ಉಜ್ಜುತ್ತೇನೆ, ಸ್ವರ್ಗ ಇನ್ನೇನು ಬೇರೆ ಇರುತ್ತದೆಯೇ.

ಆದರೆ ಕರೀಮುನ್ನೀಸಾಗೆ ಒಂದು ಅನುಮಾನ ಉಳಿದಿತ್ತು. ಆಣೆ ನಿಜವಾಗಿ ಗೆದ್ದಿದ್ದಾನೋ ಇಲ್ಲವೋ ನೋಡೋಣವೆಂದು ಸೆರಗು ಬಿಗಿದುಕೊಂಡು ಕೊಪ್ಪರಿಗೆಯೊಳಗೆ ತಲೆ ಬಗ್ಗಿಸಿದಳು. ಬಗ್ಗಿಸಿದ ತಲೆ ಎತ್ತಲಿಲ್ಲ. ಕೊನೆಗೆ ಎತ್ತಿ, ಹನ್ನೊಂದು ವರ್ಷದಲ್ಲಿ ಒಂದು ದಿನವೂ ಕಾಣದಿದ್ದ ಮುಖ ಮಾಡಿ, "ಈಚೆ ಬನ್ನಿ ನೀವು. ಅಮ್ಮ ಒಸಿ ಕೇಳ್ಲಿ," ಎಂದಳು.

ಅಮೀರ್ ಬಿಯನ್ನು ಇಬ್ಬರು ಹೆಂಗಸರು ಎತ್ತಿ ಇಳಿಸಿದರು. ಆಕೆ ಕೂತಳು, ಏಳಲಿಲ್ಲ. ಚಿಕ್ಕಹನುಮಕ್ಕ ಪುಟ್ಟಿ ಕೆಳಗಿಟ್ಟು ಮುಂದಿನ ಸರದಿ ತನ್ನದೆಂದಳು. ದೊಡ್ಡರಂಗಪ್ಪ ಮಿಷನ್ನಿಗೆ ಬೀಗ ಹಾಕಿ ಬಂದು, ಸುಮ್ಮನೆ ಕೂರುವುದೇಕೆ, ಕೂತವರು ಉಜ್ಜಿಬಿಡಲಿ, ಷರೀಫನಿಗೂ ಅನುಕೂಲ ಎಂದು ನ್ಯಾಯ ಹೇಳಿ, ನಾಳೆ ಬರುವ ಮೂವತ್ತನ್ನೂ ಬೀದಿಯ ಮನೆಮನೆಗೆ ಅಲ್ಲೇ ಹಂಚಿಬಿಟ್ಟ. ನಂದೀಶ್ವರಯ್ಯ ಗಿಟಾರಿನ ಮೇಲಿಂದ ತಲೆಯೆತ್ತಲಿಲ್ಲ. ಅವನ ಕೈ ಕುದುರಿಕೊಂಡಿತ್ತು.

ಉಜ್ಜುವವರು ಇಷ್ಟು ಜನ ಸಿಕ್ಕಮೇಲೆ ಕಲಾಯಿಯವನಿಗೆ ಉಳಿಯುವ ಕೆಲಸ ಒಂದೇ. ಷರೀಫ ವೀಳ್ಯವನ್ನು ಸೊಂಟಕ್ಕೆ ಸಿಕ್ಕಿಸಿ, ಹಿತ್ತಿಲ ಮೂಲೆಯಲ್ಲಿ ಗುಂಡಿ ಕೆದಕಿ ಇದ್ದಿಲು ಹಾಕಿ ತಿದಿ ಒತ್ತಲು ಕೂತ. ಬುಸ್ ಬುಸ್ ಎನ್ನುವ ಆ ಸದ್ದಿನಲ್ಲಿ ಅವನಿಗೆ ಎಮ್ಮೆಯ ಉಬ್ಬಸ ಕೂಡ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಕೊಪ್ಪರಿಗೆಯ ತಳದಿಂದ ಮುದುಕಿಯ ದನಿ ಬಂತು. ಕೋಳಿಗಲ್ಲ, ಅಳಿಯನಿಗೆ.

"ಲೇ ಷರೀಫಾ, ಆ ಮುಚ್ಚಳ ನೀನೇ ಇಟ್ಕೋಪ್ಪ. ಆದ್ರೆ ಆ ತಿದಿ ಒಸಿ ನಿಧಾನಕ್ಕೆ ಒತ್ತು. ಪಾರಿವಾಳ ಸರಿಯಾಗಿ ಕೇಳುಸ್ತಿಲ್ಲ."